ಕೆಂಪಿಯ ಪಾಲಿನ ಗಂಜಿ

ನನ್ನ ಹೆಂಡತಿ ಹೇಮಲತಾಗೆ ಕಲಗಚ್ಚು ಚೆಲ್ಲುವುದೆಂದರೆ ಪ್ರಾಣಸಂಕಟ. ತುಮಕೂರಿನ ತವರಿನಲ್ಲಿ ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಎಲ್ಲ ಎಮ್ಮೆಗೆ ಹೋಗುತ್ತಿತ್ತಂತೆ. ವಿಮಾ ಕಚೇರಿಯವರು ನನ್ನನ್ನು ವಡೋದರಕ್ಕೆ ಎತ್ತಿಹಾಕಿದ ಮೇಲೆ, ಮಕರಪುರದ ನಮ್ಮ ಮನೆ ಮುಂದೆ ಕಲಗಚ್ಚಿಗೆಂದೇ ಒಂದು ಪ್ಲಾಸ್ಟಿಕ್ ಟಬ್ಬು ಬಂತು. ಆಡು ಸಾಕುವ ಭರವಾಡರ ರೂಡೀಬೆನ್ ಮಂದೆ ಹೊಡೆದುಕೊಂಡು ಹೋಗುವಾಗ ಅವೆಲ್ಲ ಅದಕ್ಕೆ ಬಾಯಿ ಹಾಕುತ್ತಿದ್ದವು. ಕಂದು ಬಣ್ಣದ ಒಂದಕ್ಕೆ ಇವಳು ಕೆಂಪಿ ಎಂದು ಹೆಸರಿಟ್ಟಳು. ನನ್ನ ಜೊತೆಗಿಂತ ಹೆಚ್ಚು ಮಾತು ಅದರ ಜೊತೆಗೇ.

ಇದ್ದಕ್ಕಿದ್ದಂತೆ ಮಂದೆ ಬರುವುದು ನಿಂತಿತು. ಹೇಮಾ ಬಕೆಟ್ ಹಿಡಿದು ದೊಡ್ಡಿಗೇ ಹೊರಟಳು, ಹಿಂದೆ ನಾನು. ರೂಡೀಬೆನ್ ಬೇಲಿಯಲ್ಲೇ ತಡೆದಳು.

"ಒಳಗೆ ಬರಬೇಡ ಬೆನ್, ರೋಗ ಬಂದಿದೆ. ನಿನ್ನ ಟಬ್ಬಲ್ಲಿ ಬೇರೆಯವರ ಆಡೂ ಕುಡೀತಾವೆ. ಅದಕ್ಕೇ ಆ ಕಡೆ ಬರಲಿಲ್ಲ."

ಪಿಪಿಆರ್ ಅಂತ, ಆಡಿನಿಂದ ಆಡಿಗೆ ಹರಡುವ ವೈರಸ್ ಜ್ವರ. ಮೂಗು ಸೋರುತ್ತದೆ, ಬಾಯಿತುಂಬ ಹುಣ್ಣು, ಭೇದಿ. ಮೆತ್ತಗಿನದೇನಾದರೂ ಕುಡಿಸು, ಒಳಗೆ ಹೋದ ಪಾತ್ರೆ ಹೊರಗೆ ಕಳಿಸಬೇಡ ಎಂದು ಪಶುವೈದ್ಯರು ಹೇಳಿಹೋಗಿದ್ದರು.

"ಕೆಂಪಿ?" ಅಂದಳು ಹೇಮಾ.

"ಅದಕ್ಕೂ ಬಂದಿದೆ."

ಮೆತ್ತಗಿನದು ಎಂದರೆ ನಮ್ಮವಳಿಗೆ ರಾಗಿ ಗಂಜಿಯೇ. ದಿನಾ ಬೆಳಿಗ್ಗೆ ಕಾಯಿಸಿ, ಆರಿಸಿ, ಡಬ್ಬಿಯಲ್ಲಿ ತುಂಬಿ ಬೇಲಿಯ ಮೇಲಿಂದ ಕೊಡುವಳು. ಹೋದ ಡಬ್ಬಿ ಹೋಯಿತು. ಕೊನೆಗೆ ನನ್ನ ಊಟದ ಡಬ್ಬಿಯೂ ಹೋಗಿ, ನಾನು ಕಚೇರಿಗೆ ಚಪಾತಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋದೆ.

"ಕೆಂಪಿ ಕುಡೀತಾ?" ಎಂದು ದಿನಾ ಕೇಳುವಳು. "ಕುಡೀತು ಬೆನ್," ಎಂದು ರೂಡೀಬೆನ್ ಡಬ್ಬಿ ಇಸಿದುಕೊಂಡು ಸರಸರ ಒಳಗೆ ಹೋಗುವಳು.

ಇನ್ನು ಭಯವಿಲ್ಲ ಎಂದು ವೈದ್ಯರು ಹೇಳಿದ ಮೇಲೆ ಹೇಮಾ ಮೊದಲ ಸಲ ಒಳಗೆ ಹೋದಳು. ಮೂಲೆಮೂಲೆ ಹುಡುಕಿದಳು. ಕೆಂಪಿ ಇರಲಿಲ್ಲ.

"ನೀನು ಮೊದಲ ಸಲ ಬಂದು ಕೇಳಿದ ದಿನವೇ ಹೋಯ್ತು," ಅಂದಳು ರೂಡೀಬೆನ್. "ಹೇಳಿದ್ದರೆ ನೀನು ಗಂಜಿ ನಿಲ್ಲಿಸ್ತಿದ್ದೆ. ಉಳಿದವಕ್ಕೆ ಕುಡಿಸಿದೆ."

ಹೇಮಾಗೆ ಸಿಟ್ಟು ನೆತ್ತಿಗೇರಿತು. "ಅಷ್ಟು ಕಲ್ಲುಮನಸ್ಸಿನವಳಾ ನಾನು?" ಎಂದು ಕನ್ನಡದಲ್ಲೇ ಕೂಗಿದಳು. ಏನಂತೆ ಎಂದು ರೂಡೀಬೆನ್ ನನ್ನ ಮುಖ ನೋಡಿದಳು. ನಾನು ಹೇಳಲಿಲ್ಲ. ಕೆಂಪಿ ಇಲ್ಲವೆಂದು ಗೊತ್ತಾಗಿದ್ದರೆ ಇವಳು ಒಲೆ ಹಚ್ಚುತ್ತಿದ್ದಳೋ ಇಲ್ಲವೋ, ನನಗೂ ಗೊತ್ತಿರಲಿಲ್ಲ.

ಆಮೇಲೆ ಹೇಮಾ ಕೈಲಿದ್ದ ಡಬ್ಬಿಯ ಮುಚ್ಚಳ ತೆಗೆದು, ತುಟಿಯ ಹುಣ್ಣು ಇನ್ನೂ ಒಣಗುತ್ತಿದ್ದ ಒಂದು ಕರಿ ಆಡಿನ ಬಾಯಿಗೆ ಹಿಡಿದಳು. ಅಳುತ್ತಲೇ ಹಿಡಿದಳು. ಆಡು ಪೂರ್ತಿ ಕುಡಿಯಿತು.