ನಿಜವಾದ ಫೋಟೋ ಆಮೇಲೆ

ಬೆರಳು ಗುಂಡಿಯ ಮೇಲಿತ್ತು. ಒತ್ತುವುದೊಂದೇ ಬಾಕಿ. ಅಷ್ಟರಲ್ಲಿ ವಗ್ದಿಗೆ ಕ್ಯಾಮೆರಾದೊಳಗಿನ ಕಾರ್ಡು ಸರಿಯಿಲ್ಲ ಅನ್ನಿಸಿಬಿಟ್ಟಿತು.

ಎದುರಿಗೆ, ಬಾಲ್ಕನಿಯ ಬೆತ್ತದ ಕುರ್ಚಿಯಲ್ಲಿ ಹೆಂಡತಿ ಸುಹೈರ್ ಹಸಿರು ಶಾಲು ಹೊದ್ದು ಕೂತಿದ್ದಳು. ಬಿಸಿಲು ಅವಳ ಕೆನ್ನೆಯ ಮೇಲೆ ಬೀಳಬೇಕಾದ ಕಡೆಯೇ ಬಿದ್ದಿತ್ತು. ಫರೋಹರ ಕಾಲದಿಂದ ಒಂದು ಗಳಿಗೆಯೂ ಸುಮ್ಮನೆ ಕೂರದ ಕೈರೋದ ಧೂಳು ಕೂಡ ಅವತ್ತು ನೆಲಕ್ಕಿಳಿದು, ಉಸಿರು ಹಿಡಿದು ಕಾಯುತ್ತಿತ್ತು.

"ಏನಾಯ್ತು?" ತುಟಿ ಅಲ್ಲಾಡದಂತೆ ಕೇಳಿದಳು.

"ಕಾರ್ಡು ಹಳೇದು."

"ಜಾಗ ಇಲ್ವಾ ಅದರಲ್ಲಿ?"

"ಜಾಗ ಇದೆ. ನಂಬಿಕೆ ಇಲ್ಲ."

ಸುಹೈರ್ ಭುಜ ಸಡಿಲಿಸಿದಳು. ಧೂಳೂ ಎದ್ದಿತು.

"ಹೊಸದು ತರ್ತೀನಿ. ಹೀಗೆ ಹೋಗಿ ಹಾಗೆ ಬಂದೆ."

"ಸಂಜೆ ವಿಮಾನ ಇದೆ ನಂಗೆ."

"ಈಗಿನ್ನೂ ಬೆಳಗ್ಗೆ."

"ವಗ್ದಿ," ಅಂದಳು, ನಗುತ್ತಲೇ. "ಒಂದೇ ಒಂದು ಫೋಟೋ. ನೀನು ತೆಗೆದದ್ದು. ತೆಗೆದ್ರೆ ಬೇಸಿಗೆ ರಜಕ್ಕೆ ಬರ್ತೀನಿ. ಇಲ್ದಿದ್ರೆ, ನನ್ನ ಮುಖಾನೇ ನೋಡದವನ ಮನೆಗೆ ಯಾಕೆ ಬರ್ಲಿ?"

ಅವನೂ ನಕ್ಕ. ಆದರೆ ಅವಳು ನಗುತ್ತ ಹೇಳಿದ ಮಾತೇ ಕೊನೆಗೆ ನಿಜವಾಗುವುದು ಎಂದು ಅವನಿಗೆ ಗೊತ್ತಿತ್ತು. ಕುವೈತಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಹೇಳಿಕೊಡಲು ಹೋಗುತ್ತೇನೆ ಎಂದಿದ್ದೂ ನಗುತ್ತಲೇ.

"ನೋಡದೆ ಇರ್ತೀನಾ ನಿನ್ನ?"

"ನನ್ನ ಹುಬ್ಬಿನ ಮೇಲೆ ಗಾಯದ ಗುರುತಿದೆ. ಯಾವ ಕಡೆ ಹುಬ್ಬು?" ಎರಡನ್ನೂ ಅಂಗೈಯಲ್ಲಿ ಮುಚ್ಚಿಕೊಂಡಳು.

ವಗ್ದಿ ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಪಾಠಮಾಡುವವನು. ಅವನ ತರ್ಕಕ್ಕೆ ಹೆದರಿ ಮೆಟ್ಟಿಲ ಬೆಕ್ಕುಗಳು ಕೂಡ ದಾರಿ ಬಿಡುತ್ತಿದ್ದವು.

"ನಿನ್ನ ಕಡೆಯಿಂದ ನೋಡಿದ್ರೋ, ನನ್ನ ಕಡೆಯಿಂದ ನೋಡಿದ್ರೋ?" ಅಂದ.

"ಹೋಗು. ಕಾರ್ಡು ತಗೊಂಡು ಬಾ."

ಮದುವೆಯಾದಂದಿನಿಂದ ಅವಳದೊಂದು ಫೋಟೋವನ್ನೂ ಅವನು ತೆಗೆದಿರಲಿಲ್ಲ. ಮದುವೆಯದನ್ನು ಯಾರೋ ಬಾಡಿಗೆಯವನು ತೆಗೆದಿದ್ದ. ಆ ಎಲ್ಲ ಚಿತ್ರಗಳಲ್ಲೂ ಮದುಮಗ ಮದುಮಗಳನ್ನು ಬಿಟ್ಟು ಕ್ಯಾಮೆರಾವನ್ನೇ ಆಸೆಗಣ್ಣಿನಿಂದ ನೋಡುತ್ತಿದ್ದಾನೆ. ಆಮೇಲೆ ಲೆನ್ಸುಗಳು ಬಂದವು. ಮೊದಲು ಕಪಾಟು ತುಂಬಿತು, ಆಮೇಲೆ ಮಂಚದ ಕೆಳಗೆ, ಆಮೇಲೆ ಸುಹೈರಳ ಅಕ್ಕಿ ಡಬ್ಬ. ಅಕ್ಕಿಯಲ್ಲಿಟ್ಟರೆ ತೇವ ತಾಗುವುದಿಲ್ಲವಂತೆ. ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿದ್ದರೆ ಗೀಝಾದ ಪಿರಮಿಡ್ಡುಗಳು ನಾಚಿ ಮರಳಿಗಿಳಿಯುತ್ತಿದ್ದವು. ಆದರೆ ಅವಳ ಮುಖಕ್ಕೆ ತಕ್ಕ ಲೆನ್ಸು ಮಾತ್ರ ಅದರಲ್ಲಿ ಇರಲಿಲ್ಲ. ಅದು ಯಾವಾಗಲೂ ಮುಂದಿನ ತಿಂಗಳು ಬರುವುದಾಗಿತ್ತು.

ಅಷ್ಟೂ ಲೆನ್ಸುಗಳಲ್ಲಿ ಅವನು ತೆಗೆದದ್ದು ಎದುರುಮನೆಯ ಗೋಡೆ. ಹಾಜಿ ಬಸ್ಯೂನಿಯ ಕಟ್ಟಡದ್ದು. ಗಿಲಾವು ಕಾಣದ ಕೆಂಪಿಟ್ಟಿಗೆಯ ಗೋಡೆ. ಪ್ರತಿ ಶುಕ್ರವಾರ ಬೆಳಗ್ಗೆ ಸ್ಟ್ಯಾಂಡು ಹೂಡಿ, ಒಂದೊಂದೇ ಲೆನ್ಸು ಸಿಕ್ಕಿಸಿ ಗೋಡೆಯ ಫೋಟೋ ತೆಗೆಯುವುದು. ಆಮೇಲೆ ದೊಡ್ಡದು ಮಾಡಿ, ನಡುವಿನ ಇಟ್ಟಿಗೆಯಷ್ಟೇ ಸ್ಪಷ್ಟವಾಗಿ ಮೂಲೆಯ ಇಟ್ಟಿಗೆಯೂ ಮೂಡಿದೆಯೇ ಎಂದು ನೋಡುವುದು. ಲೋಕದಲ್ಲಿ ಯಾವ ರಾಣಿಯ ಮುಖವನ್ನೂ ಯಾವ ಚಿತ್ರಕಾರನೂ ಆ ಗೋಡೆಯಷ್ಟು ಶ್ರದ್ಧೆಯಿಂದ ನೋಡಿರಲಾರ. ಯಾವ ಇಟ್ಟಿಗೆಗೆ ಎಲ್ಲಿ ಬಿರುಕಿದೆ ಎಂದು ಅವನನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಬಹುದಿತ್ತು.

ಜಿರ್ಜಿಸ್‌ನ ಅಂಗಡಿ ಪೇಟೆಯ ನಡುವಿನ ಓಣಿಯೊಂದರಲ್ಲಿತ್ತು. ಒಳಗೆ ಸ್ಟೂಲುಗಳ ಮೇಲೆ ಒಬ್ಬ ದಂತವೈದ್ಯ, ಒಬ್ಬ ನಿವೃತ್ತ ನ್ಯಾಯಾಧೀಶ ಚಹಾ ಕುಡಿಯುತ್ತ ಕೂತಿದ್ದರು. ಕೊರಳಲ್ಲಿ ನೇತಾಡುವ ಕ್ಯಾಮೆರಾಗಳ ಭಾರಕ್ಕೆ ಬಾಗಿ ಬಾಗಿ ಅವರ ದೃಷ್ಟಿ ತಮ್ಮ ಬೂಟುಗಳನ್ನು ದಾಟುತ್ತಿರಲಿಲ್ಲ. ಹಿಂದೊಮ್ಮೆ ಹೊಸಬನೊಬ್ಬ, "ನೀವು ತೆಗೆದ ಫೋಟೋ ತೋರಿಸಿ" ಎಂದು ಅವರನ್ನು ಕೇಳಿದ್ದನಂತೆ. ಹೆಂಡಂದಿರ ವಯಸ್ಸು ಕೇಳಿದ್ದರೂ ಅಂಗಡಿ ಅಷ್ಟು ಸ್ತಬ್ಧವಾಗುತ್ತಿರಲಿಲ್ಲ. ಅವನು ಊರೇ ಬಿಟ್ಟ ಎಂದು ಸುದ್ದಿ.

"ಬನ್ನಿ ಉಸ್ತಾದ್," ಅಂದ ಜಿರ್ಜಿಸ್. "ಏನು ಬೇಕು?"

"ಕಾರ್ಡು. ಇರೋದರಲ್ಲೇ ಒಳ್ಳೇದು."

"ಏನು ತೆಗೀತೀರಿ? ಕುದುರೆ ಓಟವಾ?"

"ಹೆಂಡತಿ."

"ಓಡ್ತಾರಾ?"

"ಸಂಜೆ ಕುವೈತಿಗೆ ಹೋಗ್ತಾಳೆ."

"ಹಾಗಾದ್ರೆ ವೇಗದ್ದೇ ಬೇಕು ಬಿಡಿ." ಜಿರ್ಜಿಸ್ ಗಾಜಿನ ಪೆಟ್ಟಿಗೆ ತೆರೆದ.

"ವೇಗದ್ದು ಕಾದು ಬಿಸಿಯಾಗುತ್ತೆ," ಅಂದ ದಂತವೈದ್ಯ. "ಕಾದ್ರೆ ಕೆಡುತ್ತೆ."

"ದೊಡ್ಡದಂತೂ ಬೇಡ," ಅಂದ ನ್ಯಾಯಾಧೀಶ. "ಕೆಟ್ಟರೆ ಇರೋ ಫೋಟೋ ಅಷ್ಟೂ ಹೋಯ್ತು."

"ಇರೋದೇ ಒಂದು ಫೋಟೋ," ಅಂದ ವಗ್ದಿ.

"ಅದಕ್ಕೇ ಹೇಳ್ತಿರೋದು."

ವಾದ ಶುರುವಾಯಿತು. ಕಾರ್ಡುಗಳು ಕೈಯಿಂದ ಕೈಗೆ ಹೋದವು, ಬಿಸಿಲಿಗೆ ಹಿಡಿದು ನೋಡಿದ್ದಾಯಿತು. ದಂತವೈದ್ಯನಂತೂ ಒಂದನ್ನು ಹಲ್ಲಿನಿಂದ ಕಚ್ಚಿಯೂ ನೋಡಿದ. ಎರಡು ದೇಶಗಳ ಗಡಿಯನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಗುರುತಿಸಿದ್ದಾರೆ. ಮಧ್ಯಾಹ್ನದ ಬಾಂಗ್ ಕೇಳಿಸಿತು, ಯಾರೂ ಏಳಲಿಲ್ಲ.

"ಒಂದು ಮಾತು ಹೇಳ್ಲಾ ಉಸ್ತಾದ್?" ಜಿರ್ಜಿಸ್ ಬಾಗಿಲಿಗೆ ಅಂಟಿಸಿದ್ದ ಕಾಗದ ತೋರಿಸಿದ. "ಶುಕ್ರವಾರ ನನ್ನ ಭಾವಮೈದ ಪಾಠ ಮಾಡ್ತಾನೆ. ಕಾರ್ಡು ಬೇಡ, ಕ್ಯಾಮೆರಾನೂ ಬೇಡ. ಬೀದಿಲಿ ನಿಂತು ಒಬ್ಬರ ಮುಖ ನೋಡೋದು, ಅಷ್ಟೇ."

"ಶುಕ್ರವಾರ ನನಗೆ ಗೋಡೆ ಇದೆ."

"ಒಂದು ವಾರ ಬಿಡಿ."

"ಮೊದಲು ಸಾಮಾನು ಸರಿಯಾಗ್ಲಿ. ಕಲಿಯೋದು ಎಲ್ಲಿ ಹೋಗುತ್ತೆ?"

"ಹಾಗಂದವರೇ ಇವರೆಲ್ಲ," ಎಂದು ಜಿರ್ಜಿಸ್ ಸ್ಟೂಲುಗಳ ಕಡೆ ಕೈಚಾಚಿದ. ಇಬ್ಬರೂ ಅಭಿಮಾನದಿಂದ ಚಹಾದ ಲೋಟ ಎತ್ತಿದರು.

ವಗ್ದಿ ದೊಡ್ಡದೂ ವೇಗದ್ದೂ ಆದದ್ದೊಂದನ್ನು ತೆಗೆದುಕೊಂಡ. ಭೂಮಿ ಹುಟ್ಟಿದಂದಿನಿಂದ ಸತ್ತವರೆಲ್ಲರ ಮುಖಗಳನ್ನು ತುಂಬಿದರೂ ಇನ್ನೂ ಜಾಗ ಉಳಿಯುವಂಥದ್ದು. ಉಗುರಿನಷ್ಟಿತ್ತು.

ನೈಲ್ ಸೇತುವೆಯ ಮೇಲೆ ಗಾಡಿಗಳು ಎಷ್ಟು ಅಲುಗದೆ ನಿಂತಿದ್ದವೆಂದರೆ, ಪಕ್ಕದ ಕಾರಿನವನ ಗಡ್ಡ ಬೆಳೆಯುವುದು ಕಣ್ಣಿಗೆ ಕಾಣುತ್ತಿತ್ತು. ವಗ್ದಿ ಅದನ್ನು ನೋಡಲಿಲ್ಲ. ಕಾರ್ಡಿನ ಹಿಂಬದಿಯ ಸಣ್ಣಕ್ಷರ ಓದುತ್ತಿದ್ದ.

ಮನೆ ಸೇರಿದಾಗ ಬಾಲ್ಕನಿಯ ಬಿಸಿಲು ಕುರ್ಚಿ ಬಿಟ್ಟು ಗೋಡೆಯ ಕಡೆ ಸರಿದಿತ್ತು. ಸುಹೈರ್ ಒಳಗೆ ಸೂಟ್‌ಕೇಸಿನ ಮೇಲೆ ಕೂತು ಅದರ ಬಾಯಿ ಮುಚ್ಚಿಸುತ್ತಿದ್ದಳು.

"ಬಂದ್ಯಾ? ಫ್ರಿಜ್ಜಲ್ಲಿ ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ಇಟ್ಟಿದೀನಿ. ಒಂದು ತಿಂಗಳಿಗಾಗುತ್ತೆ. ಈಗ ಕೂತ್ಕೊಳ್ಲಾ?"

"ಇರು. ಮೊದಲು ಕಾರ್ಡು ಪರೀಕ್ಷೆ ಮಾಡ್ಬೇಕು. ನಿನ್ನ ಸುಮ್ನೆ ಯಾಕೆ ಕಾಯಿಸಲಿ?"

"ಏಳು ವರ್ಷ ಕಾದಿದೀನಿ," ಅಂದಳು ಸುಹೈರ್. ಅವನು ಆಗಲೇ ಸ್ಟ್ಯಾಂಡಿನ ಕಾಲು ಬಿಡಿಸುತ್ತಿದ್ದ.

ಎದುರಿನ ಕಿಟಕಿಯಿಂದ ಹಾಜಿ ಬಸ್ಯೂನಿ ತಲೆ ಹಾಕಿದ. ಮುಖ ಸುಣ್ಣದಂತಾಗಿತ್ತು.

"ಉಸ್ತಾದ್! ಇವತ್ತು ಶುಕ್ರವಾರ ಅಲ್ವಲ್ಲ!"

ಆ ಕಟ್ಟಡದ ಮೇಲಿನ ಎರಡು ಮಹಡಿಗಳಿಗೆ ಪರವಾನಗಿ ಇರಲಿಲ್ಲ. ವಾರವಾರವೂ ತಪ್ಪದೆ ತನ್ನ ಗೋಡೆಯ ಫೋಟೋ ಹಿಡಿಯುವವನು ಸರಕಾರದ ಕಡೆಯವನಲ್ಲದೆ ಇನ್ನಾರು? ಹಾಜಿ ಎಂದೋ ತೀರ್ಮಾನಿಸಿಬಿಟ್ಟಿದ್ದ. ಅದಕ್ಕೇ ಪ್ರತಿ ಹಬ್ಬಕ್ಕೂ ವಗ್ದಿಯ ಮನೆಗೆ ತಟ್ಟೆ ತಟ್ಟೆ ರವೆಯ ಸಿಹಿ ಬಸ್ಬೂಸಾ ಬರುತ್ತಿತ್ತು. ನಮ್ಮ ಬೀದಿಯಲ್ಲಿ ತರ್ಕಶಾಸ್ತ್ರಕ್ಕೆ ಇನ್ನೂ ಗೌರವವಿದೆ ಎಂದುಕೊಂಡು ವಗ್ದಿ ಅದನ್ನು ತಿನ್ನುತ್ತಿದ್ದ.

ಕಣ್ಣು ಮಿಟುಕಿಸುವುದರೊಳಗೆ ಹಾಜಿ ಮೆಟ್ಟಿಲೇರಿ ಬಂದ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಹೊಟ್ಟೆಗೆ ಅಕ್ಕಿ ತುಂಬಿ ಹುರಿದ ಪಾರಿವಾಳ.

"ಏನೋ ಅರ್ಜೆಂಟ್ ಕಾಣುತ್ತೆ. ಮೇಲಿನಿಂದ ಹೇಳಿದಾರಾ?"

"ಹ್ಞೂ, ಸಂಜೆಯೊಳಗೆ ಆಗ್ಲೇಬೇಕು," ಅಂದ ವಗ್ದಿ ತನ್ನ ಲೋಕದಲ್ಲೇ. ಹಾಜಿಯ ಮುಖ ನೋಡಿದ. ಅಲ್ಲಿ ಚರ್ಮವಿತ್ತು, ಗೋಡೆಯಲ್ಲಿ ಅದು ಸಿಕ್ಕುವುದಿಲ್ಲ. "ಹಾಜಿಯವರೇ, ಇಲ್ಲಿ ಸ್ವಲ್ಪ ಕೂತ್ಕೊಳ್ತೀರಾ?"

"ನಾನಾ? ನನ್ನದೂ ಫೋಟೋ ಬೇಕಾ?"

"ಬರೀ ಪರೀಕ್ಷೆಗೆ."

ಹಾಜಿ ಕುರ್ಚಿಯಲ್ಲಿ ಕೂತ. ಕಿಯಾಮತ್ತಿನ ವಿಚಾರಣೆಯ ದಿನ ಕೂಡ ಯಾರೂ ಅಷ್ಟು ನೆಟ್ಟಗೆ ಕೂರಲಾರರು. ಬಣ್ಣ ಹೊಂದಲಿ ಎಂದು ವಗ್ದಿ ಸುಹೈರಳ ಹಸಿರು ಶಾಲನ್ನು ಅವನ ಭುಜಕ್ಕೆ ಹೊದಿಸಿದ. ತಲೆಗೂ ಸ್ವಲ್ಪ ಎಳೆದ.

"ಇದು ಕಾನೂನಾ ಉಸ್ತಾದ್?"

"ಗದ್ದ ಕೆಳಗೆ. ಕಣ್ಣು ಮಿಟುಕಿಸ್ಬೇಡಿ."

ಒತ್ತಿದ. ನೋಡಿದ. ಅಳಿಸಿದ. ನಿಜವಾದ ಫೋಟೋಗೆ ಕಾರ್ಡು ಶುದ್ಧವಾಗಿರಬೇಕು. ಲೆನ್ಸು ಬದಲಿಸಿದ, ಒತ್ತಿದ, ಹಾಜಿಯ ಮೀಸೆಯ ಒಂದೊಂದು ಕೂದಲೂ ತಾಳೆಮರದಷ್ಟು ಸ್ಪಷ್ಟ. ಕಿವಿ ಮಾತ್ರ ತುಸು ಮಸುಕು. ಅಳಿಸಿದ.

ಸುಹೈರ್ ಪ್ರಯಾಣದ ಉಡುಪಿನಲ್ಲಿ ಬಾಗಿಲಿಗೆ ಬಂದಳು.

"ನಾನು ತಯಾರು."

"ಒಂದೇ ನಿಮಿಷ. ಚರ್ಮದ ಬಣ್ಣ ಕೂರ್ತಾ ಇಲ್ಲ."

"ಯಾರ ಚರ್ಮದ್ದು?"

"ಹಾಜಿಯವರದು. ನಿನ್ನ ಬದಲಿಗೆ ಕೂತಿದಾರೆ. ನಿನಗೆ ಸುಸ್ತಾಗ್ಬಾರ್ದು ಅಂತ."

ಸುಹೈರ್ ತನ್ನ ಶಾಲು ಹೊದ್ದು ಕೂತಿದ್ದ ಮೀಸೆಯ ಮನುಷ್ಯನನ್ನು ನೋಡಿದಳು. ಹಾಜಿ ನಾಚಿ ಅರ್ಧ ಎದ್ದ.

"ಏಳ್ಲಾ ತಾಯಿ?"

"ಅಲ್ಲಾಡ್ಬೇಡಿ!" ಅಂದ ವಗ್ದಿ.

ಕೆಳಗೆ ಓಣಿಯಲ್ಲಿ ಸುಹೈರಳ ಅಣ್ಣ ಆಶೂರ್ ವ್ಯಾನಿನ ಹಾರನ್ ಬಾರಿಸಿದ. ಮೊದಲು ನಯವಾಗಿ, ಆಮೇಲೆ ಸತ್ತವರು ಎದ್ದು ಕೂರುವ ಹಾಗೆ.

"ಏ ಸುಹೈರ್! ವಿಮಾನ ನಮ್ಮಪ್ಪಂದಲ್ಲ ಕಣೇ, ನಿಲ್ಲಲ್ಲ ಅದು!"

ಅವಳು ಹೋಗಿ ಹಾಜಿಯ ಕುರ್ಚಿಯ ಹಿಂದೆ, ಅದರ ಬೆನ್ನಿಗೆ ಕೈಯಿಟ್ಟು ನಿಂತಳು. ನೇರವಾಗಿ ಕ್ಯಾಮೆರಾದ ಒಳಕ್ಕೆ ನೋಡಿದಳು. ವಗ್ದಿ ಒತ್ತಿದ.

ಪರದೆಯ ಮೇಲೆ ಕಣ್ಣು ಕಿರಿದು ಮಾಡಿ ನೋಡಿದ. ಕಿವಿ ಸರಿಯಾಗಿತ್ತು. ಬಣ್ಣ ಸರಿಯಾಗಿತ್ತು. ಎಲ್ಲ ಸರಿಯಾಗಿತ್ತು, ಒಂದು ಬಿಟ್ಟು.

"ಸುಹೈರ್, ಸ್ವಲ್ಪ ಈಚೆ ಬಾ. ಹಿಂದೆ ಯಾರೋ ನಿಂತ ಹಾಗೆ ಮಂಜುಮಂಜಾಗಿ ಬರ್ತಿದೆ."

ಅಳಿಸಿದ.

"ಹೋಗ್ಲಾ?" ಅಂದಳು ಅವಳು.

"ಹ್ಞೂ ಹ್ಞೂ. ಇದೊಂದು ಮುಗೀಲಿ, ನಿಜವಾದದ್ದು ಆಮೇಲೆ."

ಹಾಜಿ ಕಣ್ಣಾಲಿಗಳನ್ನು ಮಾತ್ರ ಹೊರಳಿಸಿ ಅವಳು ಹೋದ ದಾರಿ ನೋಡಿದ. ಸೂಟ್‌ಕೇಸಿನ ಚಕ್ರಗಳು ಮೆಟ್ಟಿಲು ಮೆಟ್ಟಿಲಿಗೂ ಧಡ್ ಧಡ್ ಎನ್ನುತ್ತ ಇಳಿದವು.

"ಉಸ್ತಾದ್, ಯಜಮಾನಿಯವರು ಹೊರಟ್ರು."

"ಮಾತಾಡಿದ್ರೆ ತುಟಿ ಕದಲುತ್ತೆ."

ವ್ಯಾನು ಹೊರಟ ಸದ್ದು ವಗ್ದಿಗೂ ಕೇಳಿಸಿತು. ಏನೋ ಒಂದು ಮರೆತಂತೆ ತಲೆಯೆತ್ತಿದ. ಆಮೇಲೆ ಹೊಳೆಯಿತು: ಸಂಜೆಯ ಬೆಳಕಿಗೆ ಬೇರೆ ಲೆನ್ಸು ಬೇಕು. ಅಡುಗೆಮನೆಗೆ ಹೋಗಿ ಅಕ್ಕಿಯೊಳಗೆ ಮೊಣಕೈವರೆಗೆ ಕೈಯಿಳಿಸಿದ. ಹಾಗೆಯೇ ತುಸು ಹೊತ್ತು ನಿಂತ. ಅಕ್ಕಿ ತಣ್ಣಗಿತ್ತು.

ಬಾಲ್ಕನಿಗೆ ಮರಳಿದಾಗ ಅಲ್ಲಿ ಜನ ತುಂಬಿದ್ದರು. ಸುಹೈರ್ ತೆರೆದಿಟ್ಟು ಹೋದ ಬಾಗಿಲಿನಿಂದ ಹಾಜಿಯ ಹೆಂಡತಿ, ಗಂಡುಮಕ್ಕಳು, ಸೊಸೆಯರು, ಐದನೆಯ ಮಹಡಿಯವರು, ಆರನೆಯ ಮಹಡಿಯವರು ಹಬ್ಬದ ಬಟ್ಟೆ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಂದಿದ್ದರು. ಸರಕಾರ ಒಬ್ಬೊಬ್ಬರ ಮುಖವನ್ನೂ ನೋಡಿ ಮಹಡಿಗಳನ್ನು ಉಳಿಸಿಕೊಡುತ್ತದೆ ಎಂದು ಕೆಳಗೆ ಸುದ್ದಿಯಾಗಿತ್ತು. ಶಾಲು ಹೊದ್ದ ಹಾಜಿಯ ಸುತ್ತ, ಅರ್ಧ ಕೈರೋವೇ ಬಂದಂತೆ, ಒತ್ತೊತ್ತಾಗಿ ನಿಂತರು. ಕುರ್ಚಿಯ ಹಿಂದೆ ಒಬ್ಬರು ನಿಲ್ಲುವಷ್ಟು ಜಾಗವನ್ನು ಮಾತ್ರ, ಯಾರೂ ಹೇಳದಿದ್ದರೂ, ಬಿಟ್ಟಿದ್ದರು.

"ಇದೂ ಪರೀಕ್ಷೆಗೇನಾ?" ಹಾಜಿಯ ಹೆಂಡತಿ ಪಿಸುಗುಟ್ಟಿದಳು.

"ಇದೂನೂ," ಅಂದ ವಗ್ದಿ.

ಬಿಸಿಲು ಇಳಿಯಿತು. ಅವನು ಒತ್ತಿದ, ನೋಡಿದ, ಅಳಿಸಿದ. ಯಾರೂ ಕದಲಲಿಲ್ಲ. ಹಾಜಿಯ ರೆಪ್ಪೆಯಿಲ್ಲದಂಥ ಕಣ್ಣುಗಳಿಂದ ನೀರು ಇಳಿದು ಮೀಸೆಯಲ್ಲಿ ನಿಂತಿತ್ತು.

"ಉಸ್ತಾದ್, ಕಣ್ಣು ಮುಚ್ಲಾ ಇನ್ನು?"

"ಇನ್ನೂ ಶುರುವೇ ಆಗಿಲ್ಲವಲ್ಲ."

ಅವನ ಕ್ಯಾಮೆರಾ ಮುಖಗಳನ್ನು ತಾನೇ ಹುಡುಕಿಕೊಳ್ಳುವಂಥದ್ದು. ಮಬ್ಬಿನಲ್ಲಿ ಅದು ಗುರ್ರೆನ್ನುತ್ತ ಹಿಂದೆ ಮುಂದೆ ಸರಿದು, ಆ ಜನಜಂಗುಳಿಯಲ್ಲಿ ಒಂದೊಂದೇ ಮುಖವನ್ನು ಮುಟ್ಟಿ ಬಿಟ್ಟು, ಮುಟ್ಟಿ ಬಿಟ್ಟು, ಕೊನೆಗೆ ಕುರ್ಚಿಯ ಹಿಂದಿನ ಖಾಲಿ ಜಾಗದ ಮೇಲೆ ನಿಂತಿತು. ಮುಖ ಸಿಕ್ಕಿತು ಎಂದು ಪರದೆಯ ಮೇಲೆ ಹಸಿರು ಚೌಕವೊಂದು ಹೊತ್ತಿಕೊಂಡಿತು.