ಕೆಂಪು ಹಿಮದ ಕಾವಲುಪಡೆ

"ಯುದ್ಧಕ್ಕೆ ಹೊರಟವರಿಗೆ ಹುಬ್ಬು ಯಾಕೆ ಬೇಕು?"

ಅವಳು ಕೇಳಿದ್ದು ಯಾರನ್ನೂ ಅಲ್ಲ. ಶನಿವಾರ ಮಧ್ಯಾಹ್ನ ಬಾಗಿಲು ಅರ್ಧ ಎಳೆದ ಮೇಲೆ ಹಲ್ಲಿನ ಲ್ಯಾಬಿನಲ್ಲಿ ಉಳಿಯುವುದು ಅವಳು, ಟ್ರೇಗಳ ತುಂಬ ಬಾಯಿ ತೆರೆದು ಕೂತ ಪ್ಲಾಸ್ಟರಿನ ದವಡೆಗಳು, ಮತ್ತೆ ಮೂರು ತಿಂಗಳಿಂದ ಕಿಟಕಿ ಪಕ್ಕದ ಮೇಜನ್ನು ಹಿಡಿದು ಕೂತಿರುವ ಅಣ್ಣನ ಆಟದ ಗೊಂಬೆಗಳ ಸೈನ್ಯ. ಈಗಿನವರು ನಲವತ್ತು ಜನ, ಒಬ್ಬೊಬ್ಬನೂ ಕಿರುಬೆರಳಿನ ಎರಡು ಗೆಣ್ಣಿನಷ್ಟು ಎತ್ತರ. ಮೂವತ್ತೇಳನೆಯವನ ಎಡಹುಬ್ಬು ಒಂದು ಎಳೆಯಷ್ಟು ಮೇಲೇರಿಬಿಟ್ಟಿತ್ತು. ಯಾರ ಮಾತನ್ನೂ ನಂಬದವನ ಹಾಗೆ ಅವನು ಅವಳನ್ನೇ ನೋಡುತ್ತಿದ್ದ. ಅವಳು ಉಸಿರು ಹಿಡಿದು, ಕುಂಚದ ತುದಿ ಸೋಕಿಸಿ, ಹುಬ್ಬನ್ನು ಅದರ ಜಾಗಕ್ಕೆ ಇಳಿಸಿದಳು.

ಅವಳ ಕಸುಬು ಹಲ್ಲು ಕಟ್ಟುವುದು. ಇಪ್ಪತ್ತೆರಡು ವರ್ಷಗಳಿಂದ ಊರಿನ ಅರ್ಧ ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಿದ್ದುದು ಅವಳಿಗೇ. ಹಲ್ಲಿಗೆ ಬಿಳಿ ಎಂಬ ಬಣ್ಣವೇ ಇಲ್ಲವೆಂದು ಅವಳಿಗೆ ಗೊತ್ತು. ಬೂದಿ ಬೆರೆತದ್ದಿದೆ, ಹಳದಿ ತಿರುಗಿದ್ದಿದೆ, ನಲವತ್ತು ವರ್ಷ ಚಹಾ ಕುಡಿದದ್ದಿದೆ. ಅರ್ಧ ಛಾಯೆ ತಪ್ಪಿದರೂ ಹೊಸ ಹಲ್ಲು ಬಾಯಲ್ಲಿ ಕರೆಯದೆ ಬಂದ ನೆಂಟನ ಹಾಗೆ ಕೂರುತ್ತದೆ. ಅವಳು ಕಟ್ಟಿದ ಹಲ್ಲು ಬಣ್ಣ ಹೊಂದಲಿಲ್ಲವೆಂದು ವಾಪಸ್ಸು ಬಂದದ್ದು ಈ ಇಪ್ಪತ್ತೆರಡು ವರ್ಷದಲ್ಲಿ ಎರಡೇ ಸಲ. ಎರಡನ್ನೂ ಇನ್ನೂ ಮರೆತಿಲ್ಲ.

ಅಣ್ಣ ಬಸ್ ಡಿಪೋದಲ್ಲಿ ಟೈಮ್ ಕೀಪರ್. ದಿನಕ್ಕೆ ಇನ್ನೂರು ಬಸ್ಸುಗಳನ್ನು ನಿಮಿಷ ತಪ್ಪದೆ ಹೊರಡಿಸುವ ಆ ಮನುಷ್ಯನಿಗೆ ತನ್ನದೊಂದು ಸೈನ್ಯವನ್ನು ಹೊರಡಿಸುವುದು ಮಾತ್ರ ಆಗುತ್ತಿರಲಿಲ್ಲ. ಭಾನುವಾರಗಳಂದು ಗ್ರಂಥಾಲಯದ ಮಹಡಿಯಲ್ಲಿ ಒಂದು ಗುಂಪು ಸೇರುತ್ತಿತ್ತು. ಅತ್ತಿಗೆಯ ಮಾತಿನಲ್ಲಿ ಹೇಳುವುದಾದರೆ, ಮೀಸೆ ನರೆತ ಮಕ್ಕಳು. ಅಗಲವಾದ ಮೇಜಿನ ಮೇಲೆ ಬೇರೆ ಬೇರೆ ಗ್ರಹಗಳ ಸೈನ್ಯಗಳನ್ನು ನಿಲ್ಲಿಸಿ, ಟೇಪು ಹಿಡಿದು ದೂರ ಅಳೆದು, ದಾಳ ಉರುಳಿಸಿ ಕಾದಾಡುತ್ತಿದ್ದರು. ಅಣ್ಣ ಆರು ವರ್ಷದಿಂದ ಸೋಲುತ್ತಲೇ ಬಂದಿದ್ದ. ಈ ವರ್ಷದ ಪಂದ್ಯಕ್ಕೆ ಹೊಸ ನಿಯಮ ಬಂದಿತ್ತು: ಸೈನ್ಯ ಯಾವುದಾದರೊಂದು ಸಿನಿಮಾದ್ದೇ ಆಗಿರಬೇಕು, ವೇಷ ಬಣ್ಣ ಎಲ್ಲ ಆ ಸಿನಿಮಾದಲ್ಲಿದ್ದಂತೆಯೇ ಇರಬೇಕು. ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಭೂತಗನ್ನಡಿ ಹಿಡಿದು ಬಾಗಿಲಲ್ಲೇ ನಿಲ್ಲುತ್ತಾರೆ. ಅವರು ಒಪ್ಪದಿದ್ದರೆ ಮೇಜಿನ ಹತ್ತಿರಕ್ಕೂ ಹೋಗುವ ಹಾಗಿಲ್ಲ.

"ನೀನು ಬಣ್ಣ ಹಚ್ಚಿದ್ರೆ ಮೇಷ್ಟ್ರು ಬಾಯಿ ಮುಚ್ಕೋತಾರೆ," ಎಂದಿದ್ದ ಅಣ್ಣ. ಅವಳು ಹೂಂ ಎಂದಿದ್ದಳು. ಆ ಮನೆಯಲ್ಲಿ ಚಿಕ್ಕಂದಿನಿಂದ ಅದೇ ಕ್ರಮ, ಅವನು ಕೇಳುವುದು, ಅವಳು ಹೂಂ ಎನ್ನುವುದು.

ಮೊದಲು ಬಂದವರು ಕಬ್ಬಿಣದ ಮನುಷ್ಯರು. ಹನ್ನೆರಡು ಜನಕ್ಕೆ ಸೀಸದ ಬಣ್ಣ ಹಚ್ಚಿ, ಕೀಲುಕೀಲಿಗೂ ತುಕ್ಕು ಇಟ್ಟು ಮುಗಿಸುವ ಹೊತ್ತಿಗೆ ಅಣ್ಣನಿಗೆ ಸಂಕಟ ಶುರುವಾಯಿತು. "ಪುಟ್ಟಿ, ಇವರಿಗೆ ಮುಖಾನೇ ಇಲ್ಲ ಕಣೇ. ಸೋತಾಗ ಯಾರ ಮುಖ ನೋಡಿ ಬೇಜಾರು ಮಾಡ್ಕೊಳ್ಳಲಿ?" ಅವರನ್ನು ಡಬ್ಬಿಗೆ ಹಾಕಿ ಹುಳಗಳ ಸೈನ್ಯ ತಂದ. ಇಪ್ಪತ್ತು ಹುಳ, ಒಂದೊಂದಕ್ಕೆ ಆರು ಕಾಲು. ನೂರಿಪ್ಪತ್ತು ಕಾಲುಗಳಿಗೆ ಪಟ್ಟೆ ಎಳೆದು ಅವಳ ಕತ್ತು ಹಿಡಿದುಕೊಂಡಿತು. ಆಗ ಅಣ್ಣನ ಫೋನು ಬಂತು. "ನಿಮ್ಮತ್ತಿಗೆ ಇವನ್ನ ಹೊಸ್ತಿಲು ದಾಟಿಸಬೇಡ ಅಂತಾಳೆ."

"ಮೊದಲೇ ಕೇಳಬಾರದಿತ್ತಾ ಅತ್ತಿಗೇನ?"

"ಕೇಳಿದ್ರೆ ಬೇಡ ಅಂತಿದ್ಲಲ್ಲ!"

ಹುಳಗಳೂ ಡಬ್ಬಿ ಸೇರಿದವು. ಒಂದು ವಾರ ಅವಳು ಅವನ ಫೋನು ಎತ್ತಲಿಲ್ಲ. ಎಂಟನೆಯ ದಿನ ಅವನೇ ಬಂದು, ಬಣ್ಣ ಕಾಣದ ಈ ನಲವತ್ತು ಜನರನ್ನು ಮೇಜಿನ ಮೇಲೆ ಸುರಿದು, "ಕಾವಲುಪಡೆ," ಎಂದ. ಅಷ್ಟು ಸಾಕಾಯಿತು. ಯಾವ ಸಿನಿಮಾ ಎಂದು ಅವಳು ಕೇಳಲಿಲ್ಲ.

ಅಪ್ಪ ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ಪರದೆಯ ಹಿಂದಿನ ಎರಡು ಕೋಣೆಗಳಲ್ಲಿ ಅವರ ಸಂಸಾರ. ಯಾವುದೋ ಕಾಲದಲ್ಲಿ ಬಂದ ಒಂದು ಸಿನಿಮಾದ ಪ್ರಿಂಟು, ಕಳಿಸಿದ ಕಂಪನಿಯೇ ಮುಚ್ಚಿಹೋದದ್ದರಿಂದ, ವಾಪಸ್ಸು ಹೋಗದೆ ಅಲ್ಲೇ ಉಳಿದಿತ್ತು. ಹೊಸ ಸಿನಿಮಾದ ಡಬ್ಬಿ ಬಾರದ ದಿನಗಳಲ್ಲೆಲ್ಲ ಅಪ್ಪ ಅದನ್ನೇ ಓಡಿಸುತ್ತಿದ್ದರು. ದೂರದ ಒಂದು ಗ್ರಹ, ಎತ್ತ ನೋಡಿದರೂ ಹಿಮ. ಕಾವಲಿಗೆಂದು ಬಿಟ್ಟುಹೋದ ಪಡೆಯನ್ನು ವಾಪಸ್ಸು ಕರೆಸಿಕೊಳ್ಳುವುದನ್ನೇ ಒಡೆಯರು ಮರೆತಿದ್ದಾರೆ. ಆದರೂ ಆ ಜನ ದಿನವೂ ಸಂಜೆ ಅಂಗಿಯ ಗುಂಡಿ ಹಾಕಿಕೊಂಡು, ಸಾಲಾಗಿ ನಿಂತು, ಹಾಜರಿ ಹೇಳುತ್ತಾರೆ. ಅಪ್ಪನ ಪ್ರೊಜೆಕ್ಟರ್ ಕೋಣೆಯ ಸಣ್ಣ ಕಿಂಡಿಗೆ ಮುಖ ಒತ್ತಿ ಅಣ್ಣ ತಂಗಿ ಅದನ್ನು ಅರವತ್ತು ಸಲವಾದರೂ ನೋಡಿದ್ದರು. ಪದ್ಯ ಬಾಯಿಪಾಠವಾದಂತೆ ಅದು ಒಳಗೆ ಕೂತುಬಿಟ್ಟಿತ್ತು. ಯಾವ ಮಾತಿನ ಮುಂದೆ ಯಾರು ಕೆಮ್ಮುತ್ತಾರೆ, ಎಲ್ಲಿ ರೀಲು ಜಿಗಿಯುತ್ತದೆ, ಎಲ್ಲ. ಆ ಲೋಕವೆಲ್ಲ ಕೆಂಪು. ಸಮವಸ್ತ್ರ, ಆಕಾಶ, ಹಿಮ, ಎಲ್ಲವೂ ಕೆಂಪು.

ಆ ಕೆಂಪನ್ನು ಬೆರೆಸಲು ಅವಳಿಗೆ ಹನ್ನೊಂದು ದಿನ ಬೇಕಾಯಿತು. ಇಟ್ಟಿಗೆಯದಲ್ಲ, ಕುಂಕುಮದ್ದಲ್ಲ, ಕಣ್ಣು ಮುಚ್ಚಿ ಬಿಸಿಲಿಗೆ ಮುಖವೊಡ್ಡಿದರೆ ರೆಪ್ಪೆಯೊಳಗೆ ಕಾಣುವ ಕೆಂಪು. ಮೊದಲನೆಯವನು ಸಿದ್ಧವಾದ ದಿನ ಅಣ್ಣ ಅವನನ್ನು ಅಂಗೈಯಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತ. "ಅದೇ," ಎಂದು ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದ.

ಈಗ ಹೊರಗೆ ಷಟರು ಗಡಗಡ ಎಂದಿತು. ಅಣ್ಣ ಬಗ್ಗಿ ಒಳಗೆ ಬಂದ. ಡಿಪೋದ ಅಂಗಿಯಲ್ಲೇ ಇದ್ದ, ಕೈಯಲ್ಲಿ ಫೋನು.

"ಪುಟ್ಟಿ, ಕುಂಚ ಕೆಳಗಿಡು."

"ಮತ್ತೇನು ಬಂತು? ಇವರಿಗೆ ರೆಕ್ಕೆ ಬೇಕಾ? ಬಾಲ ಬೇಕಾ?"

"ನೀಲಿ ಕಣೇ."

"ಏನು ನೀಲಿ?"

"ಇವರ ಬಟ್ಟೆ. ನೀಲಿ. ಆಕಾಶ ಹಸಿರು." ಅವನು ಫೋನಿನತ್ತ ಇನ್ನೊಮ್ಮೆ ನೋಡಿದ. "ಹಿಮ ಬಿಳಿ."

ಮೇಷ್ಟ್ರು ಸಿನಿಮಾದ ಒಂದು ಫೋಟೋವಾದರೂ ಮೊದಲೇ ತೋರಿಸು ಎಂದಿದ್ದರಂತೆ. ಹುಡುಕಿದರೆ ಇಡೀ ಸಿನಿಮಾವೇ ಸಿಕ್ಕಿತಂತೆ, ಯಾರೋ ಪುಣ್ಯಾತ್ಮರು ಮೂಲ ನೆಗೆಟಿವ್‌ನಿಂದ ತೊಳೆದು ಹೊಸದು ಮಾಡಿದ್ದು. ಅವನು ಫೋನನ್ನು ಸೈನ್ಯದ ಮುಂದೆ ಒರಗಿಸಿಟ್ಟ.

ಅವಳು ನೋಡಿದಳು. ಅದೇ ಕೋಟೆ, ಅದೇ ಸಾಲು, ಅದೇ ಕೆಮ್ಮು. ಮುಸ್ಸಂಜೆಯ ತೆಳು ಹಸಿರಿನ ಕೆಳಗೆ ನೀಲಿ ಉಡುಪಿನ ಜನ ಹಾಜರಿ ಹೇಳುತ್ತಿದ್ದರು. ಹಿಮದಲ್ಲಿ ಹತ್ತು ಬಗೆಯ ಬಿಳಿ ಇತ್ತು. ಅಷ್ಟನ್ನೂ ಅವಳ ಕಣ್ಣು ತಾನಾಗಿಯೇ ಎಣಿಸಿಕೊಂಡಿತು. ಚೆನ್ನಾಗಿತ್ತು. ಚೆನ್ನಾಗಿದ್ದದ್ದಕ್ಕೇ ಅವಳಿಗೆ ಮೈ ಉರಿಯಿತು.

"ಪ್ರಿಂಟು ಹಳೇದಾದ್ರೆ ಹಾಗಾಗತ್ತಂತೆ," ಅಣ್ಣ ಹೇಳಿದ. "ನೀಲಿ ಮೊದಲು ಹೋಗತ್ತೆ, ಹಿಂದೇನೇ ಹಳದಿ. ಕೊನೆಗೆ ಕೆಂಪೊಂದೇ ಉಳಿಯೋದು. ಮೇಷ್ಟ್ರು ಕೇಳಿ ನಕ್ಕರು ನೋಡು, ಹೊಟ್ಟೆ ಹಿಡ್ಕೊಂಡು ನಕ್ಕರು. ಐವತ್ತು ದಾಟಿದ ಗಂಡಸು ನಾನು, ಹಿಮ ಕೆಂಪಗಿರತ್ತಾ ಅಂತ ಒಂದು ದಿನಾನೂ ಅನ್ನಿಸಲಿಲ್ಲವಲ್ಲೇ ನನಗೆ!"

"ನನಗೆ ಅನ್ನಿಸಿತ್ತು."

"ಯಾವಾಗ?"

"ಚಿಕ್ಕವಳಿದ್ದಾಗ. ಅಪ್ಪನ್ನ ಕೇಳಿದ್ದೆ, ಹಿಮ ಯಾಕೆ ಕೆಂಪಗಿದೆ ಅಂತ. ರೀಲು ಸುತ್ತುತಾ ಇದ್ರು. ತಿರುಗಿ ಕೂಡ ನೋಡಲಿಲ್ಲ. 'ಅಲ್ಲಿ ಹಾಗೇ ಮಗಳೇ' ಅಂದ್ರು."

ಅಣ್ಣ ಫೋನನ್ನು ಮಗುಚಿಟ್ಟ. "ಅಪ್ಪಂಗೆ ಗೊತ್ತಿತ್ತು ಅಂತೀಯಾ?"

"ಆ ಪ್ರಿಂಟು ಹೊಸದಾಗಿ ಬಂದಾಗ ಓಡಿಸಿದ್ದೂ ಅಪ್ಪನೇ ಅಲ್ವಾ?"

ಆಮೇಲೆ ಅಣ್ಣ ಎಂದಿನ ಅಣ್ಣನೇ ಆದ. ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, ಬಸ್ಸಿನ ವೇಳಾಪಟ್ಟಿ ಹಾಕುವವನ ಹಾಗೆ ಬೆರಳು ಮಡಿಸಿದ. "ಈಗ ಎರಡೂವರೆ. ಔಷಧಿಯಲ್ಲಿ ಅದ್ದಿ ಬಣ್ಣ ಬಿಡಿಸೋಕೆ ಒಂದು ಗಂಟೆ. ಅಡಿಬಣ್ಣ ಹೊಡೆದು ಒಣಗೋಕೆ ಒಂದು. ನಾನು ತೊಳೀತೀನಿ, ನೀನು ನೀಲಿ ಬೆರೆಸು. ಪಂದ್ಯ ನಾಳೆ ಹತ್ತಕ್ಕೆ, ಆರಾಮಾಗಿ ಮುಗಿಯತ್ತೆ."

"ಮೂರನೇ ಸಲ ಇದು."

"ಹಿಂದಿನ ಎರಡು ಸಲ ನಾನು ತಿಕ್ಕಲು. ಈ ಸಲ ನಾನು ಹೇಳ್ತಿರೋದು ಸರಿ ಅಲ್ವಾ? ನೀನೇ ಹೇಳು, ಸರಿಯೋ ತಪ್ಪೋ?"

ಸರಿಯೇ ಆಗಿತ್ತು. ಮೂರು ತಿಂಗಳು ಕಾಡಿದ ಮನುಷ್ಯ, ಬಯ್ಯುವ ಹಾಗಿಲ್ಲದ ದಿನ ನೋಡಿಕೊಂಡು, ಕೈಯಲ್ಲಿ ಸಾಕ್ಷಿ ಹಿಡಿದು ಬಂದಿದ್ದ. ಬೇರೆ ಯಾರಾದರೂ ಬಣ್ಣದಲ್ಲಿ ಇದೇ ತಪ್ಪು ಮಾಡಿ ಹಲ್ಲಿನ ಸೆಟ್ಟು ಕಟ್ಟಿಕೊಟ್ಟಿದ್ದರೆ ಅವಳು ಆ ಕ್ಷಣವೇ ವಾಪಸ್ಸು ಕಳಿಸುತ್ತಿದ್ದಳು.

"ಸರಿ," ಎಂದಳು.

"ಹಾಗಾದ್ರೆ ಔಷಧಿ ಎಲ್ಲಿ?"

ಅವಳು ಏಳಲಿಲ್ಲ. ಕಾಯುತ್ತಿದ್ದವನು ಅವಳ ಮುಖ ನೋಡಿ ಸ್ವಲ್ಪ ಇಳಿದ. "ಎಲ್ಲಾರೂ ಬೇಡ. ಮುಂದಿನ ಸಾಲು ಸಾಕು. ಹಿಂದಿನವರನ್ನ ಮೇಷ್ಟ್ರು ಅಷ್ಟು ನೋಡಲ್ಲ." ಅವಳು ಕುಂಚದ ತುದಿ ಒರೆಸಿದಳು. "ಸರಿ, ಹೋಗಲಿ, ದಳಪತಿ ಒಬ್ಬ. ಅವನೊಬ್ಬ ನೀಲಿ ಇದ್ರೂ ಉಳಿದವರ ಬಟ್ಟೆ ಧೂಳು ಹಿಡಿದಿದೆ ಅಂತ ವಾದ ಮಾಡ್ತೀನಿ. ವಾದದಲ್ಲಿ ನಾನು ಸೋಲಲ್ಲ, ಗೊತ್ತಲ್ಲ ನಿನಗೆ."

"ಗೊತ್ತು."

"ಪುಟ್ಟಿ." ಅವನ ದನಿ ಬದಲಾಗಿತ್ತು. "ಬಾಗಿಲಲ್ಲೇ ನಿಲ್ಲಿಸಿಬಿಡ್ತಾರೆ ಕಣೇ ನನ್ನನ್ನ. ಆರು ವರ್ಷ ದಾಳ ಕೈಕೊಟ್ಟು ಸೋತೆ, ಅದು ಬೇರೆ ಮಾತು. ಆಡೋಕೇ ಬಿಡಲ್ಲ ಅಂದ್ರೆ? ಡಿಪೋದವರಿಗೆಲ್ಲ ಬನ್ನಿ ನೋಡಿ ಅಂತ ಹೇಳಿಬಿಟ್ಟಿದ್ದೀನಿ."

ಅವಳಿಗೆ ಅಯ್ಯೋ ಎನ್ನಿಸಿತು. ಹೂಂ ಎನ್ನುವುದು ನಾಲಿಗೆಯ ತುದಿಯವರೆಗೂ ಬಂದಿತ್ತು, ರೂಢಿಯ ಬಲ ಅದು. ಮೇಜಿನ ಮೇಲೆ ಮೂವತ್ತೇಳು ಜನ ಬಿಸಿಲಿಗೆ ಒಣಗುತ್ತ ನಿಂತಿದ್ದರು. ಎಲ್ಲರ ಬೂಟಿನ ಸುತ್ತಲೂ, ನಡೆದು ತುಳಿದ ಜಾಗದಲ್ಲಿ ಸ್ವಲ್ಪ ಕಂದಿದ, ಕಾಲಿನ ನೆರಳಲ್ಲಿ ಇನ್ನೂ ಸ್ವಲ್ಪ ಗಾಢವಾದ ಕೆಂಪು ಹಿಮ. ಇಡೀ ಜಗತ್ತಿನಲ್ಲಿ ಅದನ್ನು ಹಾಗೆ ಅಷ್ಟು ಸಲ ಕಂಡವರು ಒಂದು ಕಿಂಡಿಗೆ ಮುಖ ಒತ್ತಿದ ಇಬ್ಬರು, ಮತ್ತೆ ಅವರ ಹಿಂದೆ ರೀಲು ಸುತ್ತುತ್ತ ನಿಂತಿದ್ದ ಒಬ್ಬರು.

"ಆಯ್ತು, ಬಟ್ಟೆ ಬೇಡ ಬಿಡು," ಅಣ್ಣ ಅವಳ ಮೊಣಕೈ ಹಿಡಿದು ಹೇಳಿದ. "ಹಿಮ ಒಂದು. ಕಾಲ ಕೆಳಗಿನ ಹಿಮ ಒಂದನ್ನಾದ್ರೂ ಬಿಳಿ ಮಾಡಿಕೊಡೇ. ಹತ್ತು ನಿಮಿಷದ ಕೆಲಸ. ನೋಡಿದವರು ಹಿಮ ಅಂತ ನಂಬಬೇಕಲ್ವಾ?"

ಅವಳು ಮೆಲ್ಲನೆ ಮೊಣಕೈ ಬಿಡಿಸಿಕೊಂಡಳು. ಮೂವತ್ತೆಂಟನೆಯವನನ್ನು ಎತ್ತಿ ದೀಪದ ಕೆಳಗಿಟ್ಟುಕೊಂಡು, ಕುಂಚವನ್ನು ಕೆಂಪಿನಲ್ಲಿ ಅದ್ದಿದಳು.

"ಮಾಡಲ್ಲ," ಎಂದಳು.