ರುದ್ರಯ್ಯನವರ ಬಾಯಿಗೆ ಸಿಹಿ

ಸರಸಮ್ಮನಿಗೆ ಆ ಸಂಜೆ ಬೇಕಾಗಿದ್ದದ್ದು ಒಂದೇ. ರುದ್ರಯ್ಯನವರ ಬಾಯಿಗೆ ಏನಾದರೂ ಸಿಹಿ ಬೀಳಬೇಕು. ಒಂದು ಚಮಚವಾದರೂ ಸರಿಯೇ.

ರುದ್ರಯ್ಯನವರದು ಶಿರಾದಲ್ಲಿ ಕಡಲೆಕಾಯಿ ಮಂಡಿ. ಅವರ ಮಗಳು ಚೈತ್ರಳನ್ನೇ ಮದುವೆಯಾಗುತ್ತೇನೆ ಎಂದು ಸರಸಮ್ಮನ ಮಗ ಪ್ರಸನ್ನ ಕುಮಾರ್ ಹಟ ಹಿಡಿದಿದ್ದ. ಹುಡುಗಿಯದೂ ಅದೇ ಹಟ. ಅವರು ಲಿಂಗ ಕಟ್ಟಿದವರು, ಇವರು ಬಾಡು ತಿನ್ನುವ ಒಕ್ಕಲು ಜನ. ರುದ್ರಯ್ಯನವರು ಆಗಲಿ ಎನ್ನಲಿಲ್ಲ, ಆಗದು ಎಂದೂ ಅನ್ನಲಿಲ್ಲ. ಒಂದು ಸಲ ಬಂದು ಮನೆ ನೋಡಿಕೊಂಡು ಹೋಗುತ್ತೇನೆ ಎಂದರು. ಮಾತು ಮುಗಿಯದ ಮನೆಯಲ್ಲಿ ಹೆಣ್ಣಿನ ಕಡೆಯ ಹಿರಿಯರು ಸಿಹಿ ಮುಟ್ಟುವುದಿಲ್ಲ. ಮುಟ್ಟಿದರೆ ಸಂಬಂಧ ಒಪ್ಪಿದಂತೆ. ಖಾರ ಎಷ್ಟು ಬೇಕಾದರೂ ತಿನ್ನಬಹುದು. ಕಾಫಿ ಕುಡಿಯಬಹುದು, ಅದರ ಸಕ್ಕರೆ ಲೆಕ್ಕಕ್ಕಿಲ್ಲ.

ಹಿತ್ತಲಲ್ಲಿ ಬಾರ್ಬೆಕ್ಯೂ ಮಾಡೋಣ ಎಂದವನು ಪ್ರಸನ್ನ. ಬೇಸಿಗೆಯಲ್ಲಿ ಮಧುಗಿರಿಯ ಬಂಡೆ ಹೊತ್ತು ಮುಳುಗಿದ ಮೇಲೂ ಕಾವು ಕಾರುತ್ತಿರುತ್ತದೆ, ಅಂಥದರಲ್ಲಿ ಇನ್ನೊಂದು ಬೆಂಕಿ ಯಾಕೆ ಎಂದು ಅವನಪ್ಪ ವೆಂಕಟರಾಮಯ್ಯ ಕೇಳಿದ್ದು ನ್ಯಾಯವೇ. ಆದರೂ ಹೊಸ ಡ್ರಮ್ಮನ್ನು ಸೀಳಿಸಿ, ಮೇಲೆ ಹೊಸ ಜಾಲರಿ ಕೂರಿಸಿದ್ದಾಯಿತು. ಅದರ ಮೇಲೆ ಜೋಳದ ತೆನೆ, ಪನೀರು, ದಪ್ಪ ಮೆಣಸಿನಕಾಯಿ. ಕೋಳಿಯ ಹೆಸರನ್ನೂ ಎತ್ತಬಾರದೆಂದು ಕಟ್ಟಪ್ಪಣೆಯಾಗಿತ್ತು. ವೆಂಕಟರಾಮಯ್ಯ ಆ ಕೆಂಡವನ್ನು ನೋಡಿ ನೋಡಿ ನಿಟ್ಟುಸಿರು ಬಿಟ್ಟರು.

ಕೊನೆಗೆ ಡೆಸರ್ಟ್ ಎಂದು ಒಂದಿರಬೇಕಂತೆ. ಎಲೆಗೆ ಮೊದಲು ಬಡಿಸುವ ಸಿಹಿಯನ್ನು ಕೊನೆಗೆ ತಳ್ಳುವುದು ಯಾವ ಸೀಮೆ ಬುದ್ಧಿ ಎಂದು ಸರಸಮ್ಮ ಬೈದಳು. ಆಮೇಲೆ, ಹೊಟ್ಟೆ ತುಂಬಿದವರ ಹಟ ಸ್ವಲ್ಪ ಸಡಿಲವಾದೀತು ಎಂದು ಅವಳೇ ಒಪ್ಪಿದಳು. ಮಾವಿನಹಣ್ಣಿನ ಸೀಕರಣೆ ಮಾಡಿದಳು, ಕರಬೂಜದ ಪಾನಕ ಮಾಡಿದಳು. ಅನಾನಸ್ ಸುಟ್ಟು ಜೇನುತುಪ್ಪ ಸುರಿಯುವುದನ್ನು ಮಗ ಮೊಬೈಲಿನಲ್ಲಿ ನೋಡಿ ಕಲಿತ. ಯಾವುದಕ್ಕೂ ಇರಲಿ ಎಂದು ಕುಲ್ಫಿಯನ್ನೂ ತರಿಸಿದರು.

ಮಗಳ ಜೊತೆ ಬಂದ ರುದ್ರಯ್ಯನವರು ಜೋಳ ತಿಂದರು, ಪನೀರು ತಿಂದರು, ಚೆನ್ನಾಗಿದೆ ಎಂದರು. ಸೀಕರಣೆ ಬಂದಾಗ ಮಾವು ಉಷ್ಣ ಎಂದರು. ಪಾನಕಕ್ಕೆ ಗಂಟಲು ಕಟ್ಟುತ್ತದಂತೆ. ಅನಾನಸ್‌ಗೆ ಹಲ್ಲು ಜುಮ್ಮೆನ್ನುತ್ತದಂತೆ. ಕುಲ್ಫಿ ಕಂಡದ್ದೇ ತಡ, ನನಗೆ ಶುಗರ್ ಎಂದರು.

ಪಕ್ಕದಲ್ಲಿದ್ದ ಚೈತ್ರ, "ನಿಮಗೆ ಶುಗರ್ ಯಾವಾಗ ಬಂತು ಅಪ್ಪಾಜಿ?" ಎಂದಳು.

"ಈಗ ಬಂತು ಕಣಮ್ಮ," ಎಂದರು ರುದ್ರಯ್ಯನವರು.

ಸರಸಮ್ಮ ಒಳಗೆ ಹೋಗಿ ಕುಲ್ಫಿಯನ್ನು ಫ್ರಿಜ್ಜಿಗೆ ಸೇರಿಸಿ, ಅಲ್ಲೇ ನಿಂತು ಕಣ್ಣೊರೆಸಿಕೊಂಡಳು. ಹೊರಗೆ ಮಗನ ಮುಖ ಬಾಡಿದ್ದನ್ನು ಅವಳಿಗೆ ನೋಡಲಾಗಲಿಲ್ಲ. ಹಿಂದೆಯೇ ಬಂದ ವೆಂಕಟರಾಮಯ್ಯ, "ಬುಡು, ಋಣ ಇಲ್ಲ ಅನ್ಕೋ," ಎಂದರು. ಋಣದ ಮಾತಾಡುವವರು ಆಡಲಿ, ಅವಳಿಗೆ ಆ ಹುಡುಗಿಯೇ ಸೊಸೆಯಾಗಿ ಬೇಕಿತ್ತು.

ಕೆಂಡ ಮಾತ್ರ ಇನ್ನೂ ನಿಗಿನಿಗಿ ಎನ್ನುತ್ತಿತ್ತು. ಸುಮ್ಮನೆ ಆರುವ ಬೆಂಕಿಯನ್ನು ನೋಡಿಕೊಂಡು ಕೂರುವ ಹೆಂಗಸಲ್ಲ ಅವಳು. ಬೆಳಿಗ್ಗೆ ಹೊಲದಿಂದ ಕಿತ್ತು ತಂದ ಹಸಿ ಕಡಲೆಕಾಯಿಯನ್ನು ಜಾಲರಿಯ ಮೇಲೆ ಸುರಿದಳು. ಜೊತೆಗೆ ಬೆಲ್ಲ ಇಡಲು ಕೈ ಹೋಯಿತು. ಸಿಹಿ ಒಲ್ಲೆ ಎನ್ನುವವರ ಮುಂದೆ ಮತ್ತೆ ಬೆಲ್ಲ ಇಟ್ಟರೆ ಕೆಣಕಿದಂತಾದೀತು ಎಂದು ಡಬ್ಬವನ್ನು ಒಳಗೇ ಬಿಟ್ಟಳು.

ಕಾಯಿ ಸುಟ್ಟ ವಾಸನೆಗೆ ರುದ್ರಯ್ಯನವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಒಂದು ಕಾಯಿ ಒಡೆದು ಬೆಳಕಿಗೆ ಹಿಡಿದು ನೋಡಿದರು, ಬೀಜ ಗಟ್ಟಿ ತುಂಬಿದೆ ಎಂದರು. ಯಾವ ಹೊಲ, ಎಷ್ಟು ನೀರು ಕೊಟ್ಟಿರಿ ಎಂದು ವೆಂಕಟರಾಮಯ್ಯನವರನ್ನು ವಿಚಾರಿಸಿದರು. ಆ ಸಂಜೆ ಅವರು ಮನಸ್ಸಿಟ್ಟು ಆಡಿದ ಮೊದಲ ಮಾತು ಅದು. ಮಾತಿನ ಜೊತೆ ಕಾಯಿಯೂ ಸಾಗಿತು, ಕಾಲಬುಡದಲ್ಲಿ ಸಿಪ್ಪೆ ಗುಡ್ಡೆಯಾಯಿತು. ಹಾಗೇ ಮಾತಾಡುತ್ತಾ, ತಲೆ ಎತ್ತದೆ, ಕೈ ಚಾಚಿದರು.

"ಬೆಲ್ಲ ಎಲ್ಲಮ್ಮಾ? ಬರೀ ಕಡ್ಲೇಕಾಯಿ ತಿಂದ್ರೆ ಪಿತ್ತ ಆಗಾಕಿಲ್ವಾ?"

ಸರಸಮ್ಮ ಒಳಗೆ ಹೋಗಿ ಒಂದು ಚೂರು ಬೆಲ್ಲ ತಂದು ಆ ಅಂಗೈಯಲ್ಲಿಟ್ಟಳು. ರುದ್ರಯ್ಯನವರು ಬಾಯಿಗೆ ಹಾಕಿಕೊಂಡು, ಮುಂಗಾರಿಗೆ ಬೀಜ ಎತ್ತಿಡುವ ವಿಷಯ ಮುಂದುವರಿಸಿದರು. ಪ್ರಸನ್ನ ಇಕ್ಕಳ ಹಿಡಿದು ನಿಂತಲ್ಲೇ ನಿಂತಿದ್ದ. ಚೈತ್ರ ಅಪ್ಪನ ಬಾಯನ್ನೇ ನೋಡುತ್ತಿದ್ದಳು.

ರುದ್ರಯ್ಯನವರ ದವಡೆ ನಿಂತಿತು.

ಒಬ್ಬರ ಮನೆಯಲ್ಲಿ ಕೂತು ಬಾಯಿಗೆ ಹಾಕಿಕೊಂಡದ್ದನ್ನು ಉಗಿಯುವುದುಂಟೇ? ಅದೂ ತಾವೇ ಕೇಳಿ ಈಸಿಕೊಂಡದ್ದನ್ನು? ಅವರು ಮಗಳ ಮುಖವನ್ನು ಬಹಳ ಹೊತ್ತು ನೋಡಿದರು. ಅವಳು ಕಣ್ಣು ತಗ್ಗಿಸಲಿಲ್ಲ. ಬೆಲ್ಲ ತಾನಾಗಿ ಕರಗುತ್ತಿತ್ತು. ಅವರು ನುಂಗಿದರು.

"ಬೆಲ್ಲ ಚೆನ್ನಾಗದೆ," ಎಂದು ವೆಂಕಟರಾಮಯ್ಯನವರ ಕಡೆ ತಿರುಗಿದರು. "ಇನ್ನೊಂದು ಚೂರು ತರ್ಸಿ ಬೀಗ್ರೇ."

ಬೀಗರು ಯಾರು ಬಂದರೋ ಎಂದು ವೆಂಕಟರಾಮಯ್ಯ ಹಿಂದೆ ತಿರುಗಿ ನೋಡಿದರು. ಅಷ್ಟರಲ್ಲಿ ಸರಸಮ್ಮ ಡಬ್ಬವನ್ನೇ ಎತ್ತಿಕೊಂಡು ಬಂದಿದ್ದಳು.